ಶನಿವಾರದ ಬನ್ನು

ಅಕ್ಕಾ,

ನೀನು ಇದ್ದಾಗ ನಿನಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಯಾಕೆ ಬೇಕಿತ್ತು? ಒಂದೇ ಮನೆ, ಒಂದೇ ಒಲೆ. ನೀನು ಹಿರಿಯ ಸೊಸೆ, ನಾನು ಕಿರಿಯವಳು. ವಾರಗಿತ್ತಿಯರು ಎಂದರೆ ಜನ ಜಗಳವನ್ನೇ ಕಾಯುತ್ತಿರುತ್ತಾರೆ. ನಾವು ಅವರಿಗೆ ಆ ಸುಖ ಅಷ್ಟಾಗಿ ಕೊಡಲಿಲ್ಲ. ಇವತ್ತು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕೂತೆ. ಸೊಂಟ ಹಿಡಿದುಕೊಂಡಿದೆ, ಸ್ವಲ್ಪ ಮಲಗೋಣ ಅನ್ನಿಸಿತು. ಆದರೆ ನಿನಗೊಂದು ಸುದ್ದಿ ಹೇಳುವುದಿದೆ. ಬೇರೆ ಯಾರಿಗೆ ಹೇಳಿದರೂ ಪೂರ್ತಿ ಹೇಳಿದ ಹಾಗಾಗುತ್ತಿಲ್ಲ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನೀನು ಹಿತ್ತಲಲ್ಲಿ ಕೂತು ದೊಡ್ಡ ಪಾತ್ರೆಗೆ ಮರಳು ತುಂಬುತ್ತಿದ್ದೆ. ಇವಳಿಗೆ ತಲೆ ಸರಿಯಿಲ್ಲವೇನೋ ಅಂದುಕೊಂಡೆ. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ, ನಡುವೆ ತಗಡಿನ ಡಬ್ಬಿಯಲ್ಲಿ ಹಿಟ್ಟು. ನಿನ್ನ ಅಪ್ಪ ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಲ್ಲ, ಅಲ್ಲಿನ ಬಂಗಲೆಯ ಅಡುಗೆಯವರ ಬೆನ್ನಿಗೆ ಬಿದ್ದು ಬ್ರೆಡ್ಡು, ಬನ್ನು, ಕೇಕು ಎಲ್ಲ ಕಲಿತಿದ್ದೆ. ಬಂಗಲೆಯಲ್ಲಿ ಎಲ್ಲದಕ್ಕೂ ಮೊಟ್ಟೆ. ಇಲ್ಲಿ ಅತ್ತೆ ಲಿಂಗಪೂಜೆ ಮಾಡದೆ ನೀರೂ ಕುಡಿಯುತ್ತಿರಲಿಲ್ಲ. “ಮೊಟ್ಟೆ ಒಳೀಕೆ ಬಂದ್ರೆ ನಾನು ಹೊರೀಕೆ ಹೋಯ್ತೀನಿ, ಅಷ್ಟೇಯ” ಎಂದುಬಿಟ್ಟರು. ನೀನು ಎದುರಾಡಲಿಲ್ಲ. ಮೊಸರು ಹಾಕಿ ನೋಡಿದೆ, ಕಳಿತ ಬಾಳೆಹಣ್ಣು ಹಾಕಿ ನೋಡಿದೆ. ಕಲ್ಲಿನಂಥ ಕೇಕುಗಳನ್ನು ನಮ್ಮ ದನಗಳು ಎಷ್ಟು ತಿಂದವೋ! ಕೊನೆಗೆ ಹದ ಸಿಕ್ಕಿತು. ಹಲ್ಲು ಬಿದ್ದ ಮೇಲೆ ಅತ್ತೆ ಬೆಳಗಿನ ಕಾಫಿಗೆ ಅದ್ದಿಕೊಂಡು ತಿಂದದ್ದು ನಿನ್ನ ಬನ್ನನ್ನೇ ಅಲ್ಲವೇ? “ಆ ಮೆತ್ತಂದು ಇನ್ನೊಂದ್ ಕೊಡವ್ವ” ಅನ್ನುತ್ತಿದ್ದರು. ಬನ್ನು ಎಂಬ ಮಾತು ಮಾತ್ರ ಸಾಯುವ ತನಕ ಅವರ ಬಾಯಿಂದ ಬರಲಿಲ್ಲ.

ನಿನ್ನ ಮಗ ಮಹೇಶ ನಮ್ಮೂರ ಶಾಲೆಯಲ್ಲಿ ಓದುತ್ತಿದ್ದಾಗ ಒಂದು ಶನಿವಾರ ಪುಸ್ತಕ ಮರೆತು ಹೋಗಿದ್ದ. ಕೊಟ್ಟುಬರಲು ಹೋದ ನೀನು ಓಡುತ್ತಲೇ ವಾಪಸು ಬಂದೆ. ಮಗನಿಗೇ ಏನೋ ಆಯಿತೆಂದುಕೊಂಡೆ.

“ಜಯಾ, ಆ ಬನ್ನೆಲ್ಲ ಚೀಲಕ್ಕೆ ತುಂಬು, ಬ್ಯಾಗ.”

“ನೆಂಟ್ರಿಗೆ ಅಂತ ಮಾಡಿದ್ದಲ್ವೇನಕ್ಕ?”

“ನೆಂಟ್ರು ಉಪ್ಪಿಟ್ಟು ತಿಂತಾರೆ ಬುಡು. ಅಲ್ಲಿ ಲೈನಿನ ಹುಡ್ಗಿ ಪ್ರಾರ್ಥನೇಲಿ ನಿಂತಂಗೇ ಬಿದ್ದೋಗ್ಬುಟ್ಳು ಕಣೆ. ಹೊಟ್ಟೆಗೆ ಏನೂ ಇಲ್ವಂತೆ.”

ಶನಿವಾರ ಬೆಳಗಿನ ಶಾಲೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ತಾಯಂದಿರು ಹೊತ್ತಿಗೆ ಮುಂಚೆ ಕೆಲಸಕ್ಕೆ ಹೊರಡುತ್ತಾರೆ. ಮಕ್ಕಳು ಬರಿಹೊಟ್ಟೆಯಲ್ಲೇ ಬರುತ್ತವೆ. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದ ಶಾಲೆ, ಇದೊಂದು ನಮಗೆ ಗೊತ್ತೇ ಇರಲಿಲ್ಲ. ಆಮೇಲೆ ಯಾವ ಶನಿವಾರವನ್ನು ನೀನು ಬಿಟ್ಟೆ? ಮಕ್ಕಳಿಗೆ ಬನ್ನು ಕೊಡುವುದಷ್ಟೇ ಸಾಲದೆಂದು ಯಸಳೂರಿನ ಅಂಗಡಿಗೆ ಕೇಕು ಮಾಡಿ ಕಳಿಸತೊಡಗಿದೆ. ಅದರಿಂದ ಮರಳಿನ ಪಾತ್ರೆಯ ಜಾಗಕ್ಕೆ ಒವನ್ನು ಬಂತು, ಶಾಲೆಗೆ ನಲ್ಲಿ ಬಂತು, ಹೆಣ್ಣುಮಕ್ಕಳ ಕಕ್ಕಸಿಗೆ ಬಾಗಿಲು ಬಂತು. ಭಾವ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು, “ನಮ್ಮನೇವ್ಳು ಒಳಗೆ ಕಕ್ಕಸಿನ ಬಾಗ್ಲು ಬೇಯಿಸ್ತಾವ್ಳೆ, ಕೂತ್ಕಳಿ, ವಾಸ್ನೆ ಚೆನ್ನಾಗೈತೆ.” ನೀನು ಒಳಗಿನಿಂದಲೇ ಬೈಯುತ್ತಿದ್ದೆ. ಆ ಭಾವನೂ ಹೋದರು. ಅವರು ಹೋದ ವಾರವೂ ನೀನು ಹಿಟ್ಟು ನಾದಿದೆ. ಕೈಗೆ ಕೆಲಸ ಇಲ್ಲದಿದ್ದರೆ ಏನಾಗುತ್ತಿತ್ತೋ ಆಗ ನಿನಗೆ...

ಸಾನ್ವಿಯನ್ನು ಶಾಲೆಗೆ ಸೇರಿಸುವ ಮಾತು ಬಂದ ಸಂಜೆ ನೀನು ಅಷ್ಟು ಕುಗ್ಗಿದ್ದನ್ನು ನಾನು ಬೇರೆ ಯಾವತ್ತೂ ನೋಡಿರಲಿಲ್ಲ. ಮೊಮ್ಮಗಳು ಇಲ್ಲೇ ಅಂಗನವಾಡಿಗೆ ಹೋಗಲಿ, ಆಮೇಲೆ ಇಲ್ಲೇ ಒಂದನೇ ಕ್ಲಾಸು ಎಂದು ನೀನು ಲೆಕ್ಕ ಹಾಕಿಬಿಟ್ಟಿದ್ದೆ. ಮಹೇಶ ಸಕಲೇಶಪುರದ ಇಂಗ್ಲಿಷ್ ಶಾಲೆಯಲ್ಲಿ ಸೀಟು ಹೇಳಿ ಬಂದಿದ್ದ.

“ನೀನು ಓದಿದ್ ಇಸ್ಕೂಲ್ ಅಲ್ವೇನೋ ಅದು?” ಎಂದೆ ನೀನು.

“ಓದ್ದೆ ಕಣವ್ವ. ಓದಿ ಏನಾದೆ? ಬ್ಯಾಂಕಿಗೆ ಹೋದ್ರೆ ಇವತ್ತೂ ಪಕ್ಕದೋರ ಮಖ ನೋಡ್ತೀನಿ, ಇದನ್ನ ಓದಿ ಹೇಳಿ ಅಂತ. ನನ್ ಮಗ್ಳಿಗೂ ಅದೇ ಆಗ್ಬೇಕಾ?”

“ನಾವೇ ಕಳಿಸ್ದಿದ್ರೆ ಯಾರು ಕಳಿಸ್ತಾರೋ?”

“ಬನ್ ಕೊಡಾದು ಬ್ಯಾರೆ, ಮಗೀನ ಕೊಡಾದು ಬ್ಯಾರೆ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಅದರಿಂದಲೇ ಹೆಚ್ಚು ನೋವಾಗಿರಬೇಕು ನಿನಗೆ. ಅವನ ಮಾತಿನಲ್ಲಿ ಸುಳ್ಳು ಇರಲಿಲ್ಲವಲ್ಲ. ನೀನು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದೆ. ಆ ಶನಿವಾರದ ಬನ್ನಿನಲ್ಲಿ ಉಪ್ಪೇ ಇರಲಿಲ್ಲ. ಮಕ್ಕಳು ಹಾಗೇ ತಿಂದವು. ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬೆಳಗಾಗುವ ಮುಂಚೆ ನಮ್ಮ ಗೇಟಿನ ಮುಂದೆ ಹಾರನ್ ಹೊಡೆಯತೊಡಗಿತು.

ನಿನ್ನ ಬಲಗೈ ನಿಂತ ದಿನ ನಾವಿಬ್ಬರೂ ಹಿಟ್ಟಿನ ಮುಂದೆಯೇ ಇದ್ದೆವು. “ಜಯಾ, ನನ್ ಕೈ ಎಲ್ಲೋಯ್ತು ನೋಡೆ” ಎಂದೆ. ಮಾತು ಎಳೆಯುತ್ತಿತ್ತು, ತುಟಿ ಒಂದು ಕಡೆಗೆ ಸರಿದಿತ್ತು. ಹಾಸನದ ಆಸ್ಪತ್ರೆ, ಮಾತ್ರೆ, ಎಣ್ಣೆ ತಿಕ್ಕುವುದು, ಎತ್ತಿ ಕೂರಿಸುವುದು, ಬಟ್ಟೆ ಒಗೆಯುವುದು... ಆ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲೂ ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು “ಇನ್ನೂ ನಾದು, ಇನ್ನೊಂಚೂರು” ಅನ್ನುತ್ತಿದ್ದೆ. ನನ್ನ ತೋಳು ಬಿದ್ದುಹೋಗುತ್ತಿತ್ತು ಅಕ್ಕ. ಒಮ್ಮೆ ನಾನೇ ರೇಗಿ “ಇವತ್ತು ಆಗಕಿಲ್ಲ” ಅಂದೆ. ನೀನು ಎಡಗೈ ಚಾಚಿ ಹಿಟ್ಟನ್ನು ನಿನ್ನ ಕಡೆ ಎಳೆದುಕೊಂಡೆ. ಒಂದೇ ಕೈಯಲ್ಲಿ ಒತ್ತುತ್ತಿದ್ದೆ. ಇಬ್ಬರಿಗೂ ನಗು ಬಂತು. ಆಮೇಲೆ ಅಳುವೂ ಬಂತು.

ಕಾಫಿ ಕುಯ್ಲಿನ ನಟ್ಟನಡುವೆ ನೀನು ಹೊರಟುಬಿಟ್ಟೆ. ಅಂಗಳದ ತುಂಬ ಹಣ್ಣು ಒಣಹಾಕಿತ್ತು; ನಿನ್ನನ್ನು ನೋಡಲು ಬಂದವರು ಅದನ್ನು ತುಳಿಯದಂತೆ ಅಂಚಿನಲ್ಲೇ ನಡೆದು ಬಂದರು. ತೋಟದ ಮೂಲೆಯಲ್ಲಿ ಭಾವನ ಪಕ್ಕ ನಿನ್ನನ್ನು ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಕೊಟ್ಟು ಬಂದೆವು. ಮಾರನೆಯ ದಿನವೇ ಕೂಲಿಯವರಿಗೆ ಕಾಫಿ ಕಾಯಿಸಿದೆ. ಕುಯ್ಲು ನಿಲ್ಲುತ್ತದೆಯೇ? ಆದರೆ ಶನಿವಾರ ಬಂದಾಗ ನನ್ನಿಂದ ಏಳಲಾಗಲಿಲ್ಲ. ಮುಂದಿನ ಶನಿವಾರವೂ ಆಗಲಿಲ್ಲ. ಒವನ್ನಿನ ಮೇಲೆ ಬಟ್ಟೆ ಹೊದಿಸಿದೆ. ಪ್ರಾರ್ಥನೆಯ ದನಿ ಕೇಳಿಸದಿರಲಿ ಎಂದು ಆ ಕಡೆಯ ಕಿಟಕಿ ಹಾಕಿಕೊಂಡೆ. ಇದು ದುಃಖವೋ, ಬರೀ ಸುಸ್ತೋ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ನೀನು ನಡೆದ ಕಡೆ ನಾನು ನಡೆದೆ. ಈಗ ಸಾಕು ಅನ್ನಿಸಿತ್ತು.

ಶಾಲೆಯ ಮೇಡಂ ಬಂದದ್ದು ಪರೀಕ್ಷೆಯ ದಿನಗಳಲ್ಲಿ. ಬನ್ನು ಕೇಳಲು ಬಂದರೇನೋ ಎಂದು ನಾನು ಮುಖ ಗಂಟಿಕ್ಕಿಕೊಂಡೇ ಕಾಫಿ ಕೊಟ್ಟೆ. ಪಾಪ, ಅವರು ಅದನ್ನು ಕೇಳಲಿಲ್ಲ.

“ಜಯಮ್ಮ, ಬರೋ ವರ್ಷ ಒಂದನೇ ಕ್ಲಾಸಿಗೆ ಒಂದು ಮಗೂನೂ ಇಲ್ಲ. ಲೈನಿನಲ್ಲಿದ್ದ ಕೆಲವರು ಬೇರೆ ಎಸ್ಟೇಟಿಗೆ ಹೋದರು. ಹೀಗೇ ಆದರೆ ನಮ್ಮ ಶಾಲೇನ ಯಸಳೂರಿನದ್ದಕ್ಕೆ ಸೇರಿಸಿಬಿಡ್ತಾರೆ. ನಿಮಗೊಂದು ಮಾತು ಹೇಳಿ ಹೋಗೋಣ ಅಂತ ಬಂದೆ. ಸುಶೀಲಮ್ಮ ಇದ್ದಿದ್ರೆ...”

ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಅಕ್ಕ? ಮನೆಮನೆಗೆ ಹೋಗುತ್ತಿದ್ದೆಯಾ? ನಾನು ಎಲ್ಲಿಗೂ ಹೋಗಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಬಂದೆ. ಎಲ್ಲದಕ್ಕೂ ಒಂದು ಕೊನೆ ಇರುತ್ತದೆ, ಇದಕ್ಕೂ ಇದೆ ಎಂದುಕೊಂಡೆ.

ಬೇಸಿಗೆ ರಜೆಗೆ ಇನ್ನು ಕೆಲವೇ ದಿನ ಇದ್ದಾಗ ಗೇಟಿನ ಹತ್ತಿರ ಒಂದು ಬೆಳಗ್ಗೆ ನಡೆದದ್ದನ್ನು ನೀನು ನೋಡಬೇಕಿತ್ತು. ತಿರುವು ರಸ್ತೆಯಲ್ಲಿ ಸಾನ್ವಿಗೆ ದಿನಾ ವಾಂತಿಯಾಗುತ್ತದೆ, ನಿನಗೆ ಗೊತ್ತೇ ಇದೆ. ನಿನ್ನ ಸೊಸೆ ಅಶ್ವಿನಿ ಕೋಳಿ ಕೂಗುವ ಮುಂಚೆ ಎದ್ದು ತಿಂಡಿ ಮಾಡಿ, ನಿದ್ದೆಗಣ್ಣಿನ ಮಗುವಿಗೆ ಸ್ನಾನ ಮಾಡಿಸಿ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರು ಮಡಚಿಟ್ಟು ಕಳಿಸುತ್ತಿದ್ದಳು. ಅವತ್ತು ವ್ಯಾನು ಬಂತು, ಮಗು ಹತ್ತಲಿಲ್ಲ. ಅಳಲೂ ಇಲ್ಲ, ರಚ್ಚೆಯೂ ಹಿಡಿಯಲಿಲ್ಲ. ಯೂನಿಫಾರಮ್ಮಿನಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಿತು, ವಯಸ್ಸಾದವರು ಕೂರುವ ಹಾಗೆ. ಅಶ್ವಿನಿ ಬೈದಳು, ಕೈ ಹಿಡಿದು ಎಳೆದಳು, ಕೊನೆಗೆ ತಾನೂ ಅದರ ಪಕ್ಕ ಕೂತಳು. ವ್ಯಾನು ಹೋಯಿತು.

“ಚಿಕ್ಕತ್ತೆ, ನಂಗೂ ಸಾಕಾಗೈತೆ” ಎಂದಳು ನನ್ನನ್ನು ನೋಡಿ. ಮಗ್ಗೆಯಿಂದ ಮದುವೆಯಾಗಿ ಬಂದ ಮೇಲೆ ಆ ಹುಡುಗಿ ನನ್ನ ಮುಂದೆ ಕಣ್ಣೀರು ಹಾಕಿದ್ದು ಅದೇ ಮೊದಲು. ನಾನೂ ಹೋಗಿ ಕೂತೆ. ಏಳಲು ಕಷ್ಟವಾಗುತ್ತದೆಂದು ಗೊತ್ತಿದ್ದೂ ಕೂತೆ. ಮೂವರೂ ದಣಿದವರು, ರಸ್ತೆಯ ಬದಿಯಲ್ಲಿ.

ಸಂಜೆ ಮಹೇಶ ಪಿಕಪ್ ಗಾಡಿ ನಿಲ್ಲಿಸಿ ಒಳಗೆ ಬಂದಾಗ ಅಶ್ವಿನಿ ಹೇಳಿದಳು, ಇಲ್ಲೇ ಸೇರಿಸೋಣ ಎಂದು. ಅವನು ಹಳೆಯ ಮಾತನ್ನೇ ಶುರುಮಾಡಿದ. ನಾನು ಈ ಮನೆಯ ಗಂಡಸರ ಮುಂದೆ ಯಾವತ್ತು ದನಿ ಎತ್ತಿದ್ದೇನೆ ಹೇಳು? ಮಾತೆಲ್ಲ ನಿನ್ನದೇ ಇರುತ್ತಿತ್ತು, ನನ್ನದು ಹಿಂದಿನ ‘ಹೂಂ’. ಅವತ್ತು ಹೇಳಿದೆ:

“ಮಹೇಶ, ನಿಮ್ಮವ್ವನ ಆಸೆ ಅಂತ ನಾನು ಹೇಳ್ತಿಲ್ಲ ಕಣಪ್ಪ. ಆ ಮಗೀನ ಮಖ ನೋಡು, ಹೆಂಗೆ ಇಳ್ದೋಗೈತೆ. ಇಂಗ್ಲೀಷು ಎಲ್ಲೂ ಓಡೋಗಕಿಲ್ಲ. ಒಂದೆರಡ್ ವರ್ಷ ನಿದ್ದೆನಾರೂ ಮಾಡ್ಲಿ ಅದು.”

ಅವನು ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ ಮಗಳ ಕಾಲಿನಿಂದ ಬೆಳಗ್ಗೆ ಹಾಕಿದ್ದ ಶೂ ಬಿಚ್ಚಿದ. “ಒಂದ್ ವರ್ಷ. ಒಂದೇ ವರ್ಷ ನೋಡಾಣ” ಎಂದು ಎದ್ದುಹೋದ.

ಆಮೇಲೆ ಅಶ್ವಿನಿ ಸುಮ್ಮನೆ ಕೂರಲಿಲ್ಲ. ವ್ಯಾನಿಗೆ ಕಾಯುವ ಬೇರೆ ತಾಯಂದಿರೂ ಇದ್ದರಲ್ಲ, ಅವರ ಕಷ್ಟವೂ ಅದೇ. ಯಾರಾದರೊಬ್ಬರು ಮೊದಲು ಹೇಳಲಿ ಎಂದು ಎಲ್ಲರೂ ಕಾಯುತ್ತಿದ್ದರು ಅನ್ನಿಸುತ್ತದೆ. ಲೈನಿಗೆ ಅಸ್ಸಾಮಿನಿಂದ ಬಂದ ಸಂಸಾರದ ಮಗಳು ಮೊರೊಮಿಯೂ ಸೇರಿದಳು. ಒಂದನೇ ಕ್ಲಾಸಿನಲ್ಲಿ ಈಗ ಬೆಂಚು ತುಂಬುವಷ್ಟು ಮಕ್ಕಳಿವೆ. ಶಾಲೆ ಈ ವರ್ಷಕ್ಕೆ ಉಳಿಯಿತು ಎಂದರು ಮೇಡಂ. ಬರುವ ವರ್ಷ? ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಊರವರು ಬಂದು, ಸುಶೀಲಮ್ಮನ ಆಸೆ ನೆರವೇರಿತು, ಪುಣ್ಯಾತ್ಗಿತ್ತಿ ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ನಿನಗಾದರೂ ನಿಜ ಹೇಳಬೇಕಲ್ಲ. ನಿನ್ನ ಆಸೆಯಿಂದ ಆದದ್ದಲ್ಲ ಇದು ಅಕ್ಕ, ನಮ್ಮ ಸುಸ್ತಿನಿಂದ ಆದದ್ದು. ನಿನಗೆ ಬೇಜಾರಾಯಿತೇ? ನನಗನ್ನಿಸುತ್ತದೆ, ನೀನು ನಕ್ಕುಬಿಡುತ್ತಿದ್ದೆ. “ಹೆಂಗಾದ್ರೂ ಆಗ್ಲಿ ಬುಡೆ” ಅನ್ನುತ್ತಿದ್ದೆ.

ಈಗ ಸುದ್ದಿಗೆ ಬರುತ್ತೇನೆ. ಇವತ್ತು ಶನಿವಾರ. ನಿನ್ನೆ ಸಂಜೆ ಒವನ್ನಿನ ಬಟ್ಟೆ ತೆಗೆದೆ. ಯಾರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅಶ್ವಿನಿ ಬಂದು ಪಕ್ಕದಲ್ಲಿ ನಿಂತಳು. ನನ್ನ ಬೆರಳಿನ ಗಿಣ್ಣುಗಳು ಊದಿವೆ. ಅರ್ಧ ನಾನು, ಅರ್ಧ ಅವಳು ನಾದಿದೆವು. ನಿನ್ನಷ್ಟು ಮೆತ್ತಗೆ ಬರಲಿಲ್ಲ. ಬೆಳಗ್ಗೆ ಬುಟ್ಟಿ ಹೊತ್ತು ಹೋದೆ. ಪ್ರಾರ್ಥನೆ ಮುಗಿದಿತ್ತು. ಮೊದಲ ಬನ್ನನ್ನು ಸಾನ್ವಿಗೆ ಚಾಚಿದೆ. ಅದು ನನ್ನ ಹತ್ತಿರ ಬಂದು, ಗುಟ್ಟು ಹೇಳುವವರ ಹಾಗೆ, “ಅಜ್ಜಿ, ನಾನು ಲೈನಲ್ಲಿ ಬರ್ತೀನಿ” ಅಂದು ಓಡಿ ಸಾಲಿನ ಹಿಂದಕ್ಕೆ ಹೋಗಿ ನಿಂತಿತು.

ಮಕ್ಕಳು ಹೆಚ್ಚಾಗಿದ್ದದ್ದು ನನ್ನ ಅಂದಾಜಿಗೆ ಬಂದಿರಲಿಲ್ಲ. ಸಾನ್ವಿಯ ಸರದಿ ಬರುವಷ್ಟರಲ್ಲಿ ಬುಟ್ಟಿ ಖಾಲಿ. ನಮ್ಮ ಮನೆಯ ಮಗು ಬರಿಗೈ ಚಾಚಿಕೊಂಡು ನಿಂತಿದೆ, ನನ್ನ ಹತ್ತಿರ ಕೊಡಲು ಏನೂ ಇಲ್ಲ. ಅಷ್ಟರಲ್ಲಿ ಅದರ ಮುಂದೆ ನಿಂತಿದ್ದ ಮೊರೊಮಿ ತಿರುಗಿ ನೋಡಿದಳು. ತನ್ನ ಬನ್ನನ್ನು ಮುರಿದಳು. ಎರಡು ತುಂಡನ್ನೂ ಒಮ್ಮೆ ನೋಡಿದಳು. “ತಗೋ” ಎಂದು ದೊಡ್ಡದನ್ನು ಕೊಟ್ಟಳು. ಅವಳಿಗೆ ಬರುವ ಕನ್ನಡ ಇನ್ನೂ ಅಷ್ಟೇ ಇರಬೇಕು. ಇಬ್ಬರೂ ಧ್ವಜದ ಕಟ್ಟೆಯ ಮೇಲೆ ಕೂತು ತಿಂದರು. ಸಾನ್ವಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾವು ಇಷ್ಟು ವರ್ಷ ಆ ಶಾಲೆಗೆ ಕೊಟ್ಟೆವು ಅಕ್ಕ. ಇವತ್ತು ಆ ಶಾಲೆಯಲ್ಲಿ ನಮ್ಮ ಮಗುವಿಗೆ ಕೊಡುವವರು ಸಿಕ್ಕರು. ಹೇಳಬೇಕಿದ್ದದ್ದು ಇಷ್ಟೇ. ಮುಂದಿನ ಶನಿವಾರ ಒಂದು ತಟ್ಟೆ ಹೆಚ್ಚಿಗೆ ಬೇಯಿಸುತ್ತೇನೆ. ಕೈ ಏಳದಿದ್ದರೆ ಸ್ಟೂಲಿನ ಮೇಲೆ ಕೂತು ಅಶ್ವಿನಿಗೆ “ಇನ್ನೊಂಚೂರು ನಾದು” ಅನ್ನುತ್ತೇನೆ. ಅವಳು ಬೈದುಕೊಂಡರೂ ಸರಿ.

ಈಗ ಸ್ವಲ್ಪ ಮಲಗುತ್ತೇನೆ.

ನಿನ್ನ
ಜಯ