ಕೆಟಲ್ ಕೂಗುವ ತನಕ

ಜೂನ್ 5, ಬೆಳಿಗ್ಗೆ

ಮಾನ್ಯ ಅಧ್ಯಕ್ಷರಾದ ಸಕ್ಕರೆ ಡಬ್ಬಿಯವರೇ, ಮುಖ್ಯ ಅತಿಥಿಗಳಾದ ಟೀ ಪುಡಿಯವರೇ, ಅಡುಗೆಮನೆ ಕಟ್ಟೆಯ ಮೇಲೆ ಕಿಕ್ಕಿರಿದು ನೆರೆದಿರುವ ಲೋಟ, ಬಟ್ಟಲು, ಚಮಚ ಬಾಂಧವರೇ — ನಮ್ಮ ಮನೆಗೆ ಹೊಸ ಸದಸ್ಯರೊಬ್ಬರ ಆಗಮನವಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ನಾಮಧೇಯ ಹಾಟ್ ವಾಟರ್ ಡಿಸ್ಪೆನ್ಸರ್. ಮೈಬಣ್ಣ ಬಿಳಿ. ಹೊಟ್ಟೆ ಐದು ಲೀಟರು. ಹಣೆಯ ಮೇಲೆ ಸದಾ ಉರಿಯುವ ಕೆಂಪು ಅಂಕಿ — 98. ಒಳಗೆ ಇಷ್ಟು ಕುದಿಯುತ್ತಿದ್ದರೂ ಹೊರಗೆ ಇಷ್ಟು ಸುಮ್ಮನಿರುವವರು ಈ ಮನೆಯಲ್ಲಿ ಇದುವರೆಗೆ ನಾನೊಬ್ಬಳೇ ಇದ್ದೆ.

ಇವರು ನಿನ್ನೆ ಕೆಲಸದಿಂದ ಬರುವಾಗ ಹೊತ್ತು ತಂದರು. ಲಿಫ್ಟ್ ಮೆಕ್ಯಾನಿಕ್ ಅಲ್ಲವಾ... ಗುಂಡಿ ಒತ್ತಿದರೆ ಆಗುವ ಕೆಲಸಗಳ ಮೇಲೆ ಅಪಾರ ನಂಬಿಕೆ. ಕಟ್ಟೆಯ ಮೇಲಿಟ್ಟು, ಪ್ಲಗ್ ಹಾಕಿ, "ಇನ್ನು ಕಾಯೋ ಕರ್ಮ ಇಲ್ಲ" ಅಂದರು. ಕೆಟಲ್ ಹೋಗಿ ಎರಡು ದಿನ ಆಗಿತ್ತು ಅಷ್ಟೆ. ಗಂಡಸರು ಹೀಗೇ. ಕಣ್ಣೀರು ಒಣಗುವ ಮುಂಚೆ ಎರಡನೇ ಸಂಬಂಧ.

ಒತ್ತಿದೊಡನೆ ನೀರು ಬಿಸಿ,
ಹೊತ್ತು ಮಾತ್ರ ಹಸಿ ಹಸಿ.

ಆದಿಪ್ರಾಸ, ಅಂತ್ಯಪ್ರಾಸ ಎರಡೂ ಕೂತಿವೆ. ಅರ್ಥ ಮಾತ್ರ ಇನ್ನೂ ನಿಂತೇ ಇದೆ. ಕನ್ನಡ ಮೀಡಿಯಂ ಬಿ.ಎ.ಗೆ ಇಷ್ಟು ಸಾಕು. ಪ್ರೆಸ್ಸಿಗೆ ಲೇಟಾಯಿತು. ಇವತ್ತು ಸೋಪಿನ ಲೇಬಲ್‌ಗಳ ಪ್ರೂಫ್ ನೋಡಬೇಕು.

ಜೂನ್ 6

ಕೆಟಲ್ ಹೇಗೆ ಹೋಯಿತು ಅನ್ನೋದನ್ನ ಬರೆದಿಡಬೇಕು. ಅದಕ್ಕೊಂದು ಮರ್ಯಾದೆ ಬೇಡವಾ.

ಮದುವೆಯಾದ ಹೊಸದರಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆ ತೆಳು. ಆಚೆ ಬದಿಯಲ್ಲಿ ಓನರ್, ಗೋಡೆಗಿಂತ ತೆಳುವಾದ ಕಿವಿ. ಮನಸಾರೆ ಜಗಳ ಆಡೋಕೂ ಜಾಗ ಇರಲಿಲ್ಲ. ಆಗ ಇವರೇ ಮಾಡಿದ ಕಾನೂನು: ಒಲೆಯ ಮೇಲೆ ಕೆಟಲ್ ಇಟ್ಟ ಮೇಲೆ, ಅದು ಕೂಗುವ ತನಕ, ಯಾರು ಏನು ಬೇಕಾದರೂ ಹೇಳಬಹುದು. ಕೂಗಿತೋ, ಮಾತು ಮುಗೀತು. ಟೀ ಕುಡಿಯುವಾಗ ಆ ವಿಷಯ ಎತ್ತುವ ಹಾಗಿಲ್ಲ. ಮುಗಿಯದ ಜಗಳ ಮುಂದಿನ ಕೆಟಲ್‌ಗೆ.

ಮಗಳನ್ನು ಯಾವ ಸ್ಕೂಲಿಗೆ ಹಾಕೋದು, ನಾನು ಪ್ರೆಸ್ ಕೆಲಸಕ್ಕೆ ಹೋಗೋದಾ ಬೇಡವಾ, ನಾದಿನಿ ಆಡಿದ ಮಾತು ಸರಿಯಾ ತಪ್ಪಾ — ನಮ್ಮ ಸಂಸಾರದ ತೀರ್ಮಾನಗಳೆಲ್ಲ ಆ ಕೆಟಲ್ ಮೂತಿಯ ಮುಂದೆ ಆದವು. ಹೆಚ್ಚಿನವು ನನ್ನ ಪರ. ಇವರು ಮಾತಿನಲ್ಲಿ ನಿಧಾನ. ನಾನು ಪ್ರಾಸ ಸಮೇತ ಹೊಡೆಯುವವಳು. ಇವರು ಉತ್ತರ ಹುಡುಕಿ ತರುವಷ್ಟರಲ್ಲಿ ಕೆಟಲ್ ಕೂಗಿರುತ್ತಿತ್ತು.

ಮೊನ್ನೆ ಭಾನುವಾರ ನೀರಿಟ್ಟ ಕೂಡಲೇ ಇವರು ಶುರು ಮಾಡಿದರು.

"ಕಂಪನಿ ಇನ್ನೊಂದು ಊರಲ್ಲಿ ಸರ್ವಿಸ್ ಸೆಂಟರ್ ತೆಗೀತಿದೆ ಕಣೇ. ಸದ್ಯಕ್ಕೆ ನನ್ನನ್ನ ಇನ್‌ಚಾರ್ಜ್ ಮಾಡ್ತಾರಂತೆ. ತಿಂಗಳ ಕೊನೇಲಿ ಹೇಳ್ಬೇಕು."

"ಎಷ್ಟು ದೂರ?"

"ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆ."

"ನಾವು?"

"ಅವಳ ಕಾಲೇಜು, ನಿನ್ನ ಪ್ರೆಸ್ಸು... ನೀವು ಇಲ್ಲೇ."

ಅಂದರೆ ಲೆಕ್ಕಾಚಾರ ಎಲ್ಲ ಆಗಿದೆ. "ಅಂತೂ ಒಂದು ನೆಪ ಸಿಕ್ತು ಅನ್ನಿ" ಅಂದೆ. ಅವರೇನೋ ಅಂದರು. ಅದಕ್ಕೆ ನಾನೇನೋ ಅಂದೆ. ಹಳೆಯದೆಲ್ಲ ಒಂದೊಂದಾಗಿ ಎದ್ದು ಬಂತು. ನಡುವೆ ಸುಟ್ಟ ವಾಸನೆ. ಕೆಟಲ್‌ನ ಸೀಟಿ ಹಿಂದಿನ ದಿನವೇ ಮುರಿದಿತ್ತು. ತೊಳೆಯುವಾಗ ಮಗಳು ಬೀಳಿಸಿದ್ದಳು, ಬಾಯಿ ಬಿಟ್ಟಿರಲಿಲ್ಲ. ಅದು ಕೂಗಲಿಲ್ಲ, ನಾವು ನಿಲ್ಲಿಸಲಿಲ್ಲ. ನೀರೆಲ್ಲ ಆವಿಯಾಗಿ, ತಳ ಕರಕಲಾಗಿ, ಹಿಡಿ ಕರಗಿ ಒಲೆಯ ಮೇಲೆ ಸೋರಿತ್ತು.

ಮದುವೆಯಾದಾಗಿನಿಂದ ಮೊದಲ ಸಲ ಒಂದು ಜಗಳ ಪೂರ್ತಿ ಆಡಿದ್ದು. ಆದರೂ ತೀರ್ಮಾನ ಆಗಲಿಲ್ಲ.

ಜೂನ್ 11

ಮೆಷಿನ್ನಿನ ಕಾನೂನು ಬೇರೆ. ಲೋಟ ಇಡು. ನೀರಿನ ಬೀಗ ತೆಗೆಯೋಕೆ ಬೀಗದ ಗುಂಡಿ ಒತ್ತು. ಕುಂಯ್. ಇನ್ನೊಂದು ಒತ್ತು. ಗುರ್ರ್... ಮುಗೀತು. ಮೂವರೂ ಮೂರು ಹೊತ್ತಿಗೆ ಬಂದು, ತಂತಮ್ಮ ಲೋಟ ತುಂಬಿಸಿಕೊಂಡು, ಟೀ ಬ್ಯಾಗ್ ಅದ್ದಿಕೊಂಡು, ತಂತಮ್ಮ ಮೂಲೆ ಸೇರುತ್ತೇವೆ. ಲಾಡ್ಜ್‌ನಲ್ಲಿದ್ದ ಹಾಗೇ ಇದೆ. ಲಾಡ್ಜ್‌ನಲ್ಲಾದರೆ ಹಾಸಿಗೆ ಬೇರೆಯವರು ಮಡಿಸುತ್ತಾರೆ.

ಕಾಯೋದು ತಪ್ಪಿತು ನೀರಿಗೆ,
ಬಾಯಿ ಬಿಡೋದು ಯಾರಿಗೆ?

ಮಗಳು — ಹದಿನೇಳು ತುಂಬಿದೆ, ನಾಲಿಗೆ ನನ್ನದೇ — ಸಂಜೆ ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ಅಪ್ಪ ಹೋಗ್ತಾರಾ?"

"ಅವರನ್ನೇ ಕೇಳು."

"ಕೇಳ್ದೆ. ನಿಮ್ಮಮ್ಮನ್ನ ಕೇಳು ಅಂದ್ರು."

"ಹಾಗಾದ್ರೆ ಗೊತ್ತಾಯ್ತಲ್ಲ."

"ಏನು ಗೊತ್ತಾಯ್ತು, ಮಣ್ಣು? ನೀವಿಬ್ರೂ ಸೇರಿ ನನ್ನನ್ನ ಲಿಫ್ಟ್ ಮಾಡ್ಕೊಂಡಿದ್ದೀರ. ಮೇಲೆ ಹೋಗು, ಕೆಳಗೆ ಬಾ."

ನಗು ಬಂತು. ತಡೆದುಕೊಂಡೆ. ತಾಯಿ ಅಂದಮೇಲೆ ಒಂದು ಗತ್ತು ಬೇಡವಾ.

ಜೂನ್ 14, ಬೆಳಿಗ್ಗೆ ಐದೂವರೆ

ಮೆಷಿನ್ನಿನ ಪುಸ್ತಕ ಇಂಗ್ಲಿಷಿನಲ್ಲಿದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದೆ. ಪ್ರೂಫ್ ನೋಡುವವಳ ಚಟ, ಅದರಲ್ಲೂ ತಪ್ಪು ಹುಡುಕಿದೆ. ಆದರೆ ವಿಷಯ ಅದಲ್ಲ. ಪೂರ್ತಿ ಖಾಲಿಯಾದ ಮೇಲೆ ತಣ್ಣೀರು ತುಂಬಿದರೆ ಮತ್ತೆ ಕುದಿಯೋಕೆ ಅರ್ಧ ಗಂಟೆ ಬೇಕಂತೆ. ಅರ್ಧ ಗಂಟೆ! ಕೆಟಲ್ ಹೆಚ್ಚೆಂದರೆ ಐದು ನಿಮಿಷ ಕೊಡುತ್ತಿತ್ತು. ಅರ್ಧ ಗಂಟೆ ಸಿಕ್ಕರೆ ಇವರಂಥ ನಿಧಾನದವರೂ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿ ಮುಗಿಸಿಬಿಡುತ್ತಾರೆ.

ಅದಕ್ಕೇ ಎಲ್ಲರಿಗಿಂತ ಮುಂಚೆ ಎದ್ದು ನಾನೇ ತುಂಬಿಸಿಡುತ್ತಿದ್ದೇನೆ. ಇವರು ಹಲ್ಲುಜ್ಜಿ ಬರುವಷ್ಟರಲ್ಲಿ 98. ಆ ಅಂಕಿಯನ್ನೇ ನೋಡುತ್ತಾ ನಿಲ್ಲುತ್ತಾರೆ, ತಪ್ಪು ಮಹಡಿಯಲ್ಲಿ ಇಳಿದವರ ಹಾಗೆ.

"ಇದು ಯಾವಾಗ ನೋಡಿದ್ರೂ ತುಂಬೇ ಇರುತ್ತಲ್ಲೇ?"

"ಒಳ್ಳೆ ಮೆಷಿನ್ ತಂದಿದ್ದೀರಿ."

ಹೋಗುವುದಾದರೆ ಹೋಗಲಿ. ಯಾರು ಹಿಡಿದುಕೊಂಡಿದ್ದಾರೆ? ಆದರೆ ನನಗೆ ಸಮಾಧಾನ ಹೇಳಿ, ನನ್ನ ಬಾಯಿಂದಲೇ ಹೂಂ ಅನ್ನಿಸಿಕೊಂಡು, ಒಳ್ಳೆಯವರಾಗಿ ಹೋಗುವುದು ಬೇಡ. ಹೋಗುವವರು ಕೆಟ್ಟವರಾಗಿಯೇ ಹೋಗಲಿ.

ಜೂನ್ 16, ಭಾನುವಾರ

ಏಳುವುದು ಸ್ವಲ್ಪ ತಡವಾಯಿತು. ಅಡುಗೆಮನೆಗೆ ಬಂದರೆ ಇವರು ಸ್ಟೂಲಿನ ಮೇಲೆ ಕೂತಿದ್ದಾರೆ. ಸಿಂಕ್ ಸುತ್ತ ಹಬೆ. ಮೆಷಿನ್ನಿನ ಹಣೆಯ ಮೇಲೆ 27.

"ಏನ್ರೀ ಇದು?"

"ಒಳಗೆ ಬಿಳಿ ಪೊರೆ ಕಟ್ಟಿತ್ತು. ನೀರೆಲ್ಲ ಚೆಲ್ಲಿ ತೊಳ್ದೆ."

ಇನ್ನೂ ಡಬ್ಬದ ವಾಸನೆ ಹೋಗದ ಮೆಷಿನ್ನಿಗೆ ಪೊರೆ! ಸುಳ್ಳು ಹೇಳೋಕೂ ಇವರಿಗೆ ಟ್ರೈನಿಂಗ್ ಬೇಕು.

"ಇನ್ನು ಅರ್ಧ ಗಂಟೆ ಆಗುತ್ತೆ. ಕೂತ್ಕೋ" ಅಂದರು. ಎದುರಿಗೆ ಇನ್ನೊಂದು ಸ್ಟೂಲ್ ತಂದಿಟ್ಟಿದ್ದರು. ಅಟ್ಟದ ಮೇಲಿದ್ದದ್ದು. ಧೂಳು ಒರೆಸಿದ್ದರು — ಒದ್ದೆ ಬಟ್ಟೆಯ ಗುರುತು ಇನ್ನೂ ಆರಿರಲಿಲ್ಲ.

"ನಿನ್ನ ಹತ್ರ ಒಂದು ಮಾತಿತ್ತು."

"ನಂಗಿವತ್ತು ಟೀ ಬೇಡ. ತಣ್ಣೀರು ಸಾಕು."

ಲೋಟ ತೆಗೆದು ನಲ್ಲಿಗೆ ಹಿಡಿದೆ. ಅವರ ಮುಂದೆಯೇ ಗಟಗಟ ಕುಡಿದೆ. ಬಟ್ಟೆ ಬಕೆಟ್ ಎತ್ತಿಕೊಂಡು ಟೆರೇಸಿಗೆ ಹೋದೆ. ಒಂದೊಂದು ಬಟ್ಟೆಯನ್ನೂ ಎರಡೆರಡು ಸಲ ಕೊಡವಿ ಹಾಕಿದೆ. ಕೆಳಗೆ ಬಂದಾಗ 98. ಅವರು ಅಲ್ಲೇ ಕೂತಿದ್ದರು. ಮುಂದೆ ಎರಡು ಲೋಟ. ಎರಡೂ ಖಾಲಿ.

ಸಭಿಕರು ಈಗ ಚಪ್ಪಾಳೆ ತಟ್ಟಬಹುದು.

ಏನು, ಯಾರೂ ತಟ್ಟುತ್ತಿಲ್ಲ?

ಜೂನ್ 22

ನಾದಿನಿ ಫೋನ್ ಮಾಡಿದ್ದಳು. ಮಾತಿಗೊಂದು ಕುಟುಕು ಅವಳ ಅಭ್ಯಾಸ. ಇವತ್ತು ಕುಟುಕಲಿಲ್ಲ. ಅದೇ ಜಾಸ್ತಿ ಚುಚ್ಚಿತು.

"ಅತ್ತಿಗೆ, ಅಣ್ಣ ನಿಮ್ಮನ್ನ ಕೇಳದೆ ಕ್ಷೌರಕ್ಕೂ ಹೋಗಲ್ಲ. ನಿಮಗೆ ಗೊತ್ತಿಲ್ವಾ? ಒಂದ್ಸಲ ಬೇಡ ಅಂದ್ಬಿಡಿ. ಅವನು ಅದಕ್ಕೇ ಕಾಯ್ತಿದ್ದಾನೆ."

"ಕಾಯೋ ಕರ್ಮ ಇಲ್ಲ ಅಂತ ತಾನೇ ನಿಮ್ಮಣ್ಣ ಮೆಷಿನ್ ತಂದಿದ್ದು?"

"ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ ಅತ್ತಿಗೆ."

ಫೋನ್ ಇಟ್ಟಳು. ಮೊದಲು ಇಟ್ಟವರು ಸೋತ ಹಾಗೆ. ಅವಳ ಮಾತು ನಂಬಲಿಲ್ಲ. ತಂಗಿ ಅಣ್ಣನ ಪರ ಅಲ್ಲದೆ ಇನ್ನೇನು ಹೇಳುತ್ತಾಳೆ. ಇವರಿಗೆ ಇಲ್ಲಿರುವ ಮನಸ್ಸಿದ್ದರೆ ಕಂಪನಿಯವರಿಗೆ ಆವತ್ತೇ ಆಗಲ್ಲ ಅನ್ನುತ್ತಿದ್ದರು. ನನ್ನನ್ನು ಕೇಳುವುದೇನು, ಬಿಡುವುದೇನು.

ಜೂನ್ 28, ಶುಕ್ರವಾರ, ಸಂಜೆ

ಆಯಿತು.

ಬೆಳಿಗ್ಗೆ ನಾನು ಲೋಟ ಇಟ್ಟೆ. ಇವರು ಯೂನಿಫಾರ್ಮ್ ಹಾಕಿಕೊಂಡು, ಟೂಲ್ ಬ್ಯಾಗ್ ಹೆಗಲಿಗೇರಿಸಿ ಬಂದು ಪಕ್ಕದಲ್ಲಿ ನಿಂತರು.

"ಇವತ್ತು ಆಫೀಸಲ್ಲಿ ಹೇಳ್ಬೇಕು ಕಣೇ."

ಬೀಗದ ಗುಂಡಿ ಒತ್ತಿದೆ. ಕುಂಯ್.

"ಹೋಗ್ಲಾ, ಬೇಡ್ವಾ? ನೀನು ಹೇಗೆ ಹೇಳ್ತೀಯೋ ಹಾಗೆ."

ಇನ್ನೊಂದು ಒತ್ತಿದೆ. ಲೋಟ ತುಂಬಿತು.

"ನೀರು ಬಂತು. ಮಾತು ಮುಗೀತು. ಕಾನೂನು ನಿಮ್ಮದೇ."

ಇವರು ಮೆಷಿನ್ ಕಡೆ ನೋಡಿದರು. ಉತ್ತರ ಹುಡುಕುವಾಗ ಇವರ ತುಟಿ ಸ್ವಲ್ಪ ಅಲುಗುತ್ತೆ. ಇವತ್ತು ಅಲುಗಲಿಲ್ಲ. "ಹೌದು. ನಂದೇ" ಅಂದರು. ಶೂ ಲೇಸ್ ಕಟ್ಟಿಕೊಂಡು ಹೊರಟರು. ಗೇಟಿನ ಚಿಲಕ ಹಾಕಿದ ಸದ್ದೂ ಮೆತ್ತಗೆ.

ಎಂಥ ಮಾತು ಆಡಿದೆ! ಇದಕ್ಕಿಂತ ಚುರುಕಾದದ್ದು ಈ ಜನ್ಮದಲ್ಲಿ ಆಡಿಲ್ಲ. ಕಾನೂನಿನ ಪ್ರಕಾರ ಒಂದು ಚೂರೂ ತಪ್ಪಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮೆಲುಕು ಹಾಕಿದೆ. ಪ್ರೆಸ್ಸಿನಲ್ಲಿ ಮಧ್ಯಾಹ್ನ ಓನರ್ ಒಂದು ಕಟ್ಟು ಲೇಬಲ್ ತಂದು ಮೇಜಿನ ಮೇಲೆ ಹಾಕಿದರು.

"ಏನಮ್ಮಾ, ಸೋಪಿನ ತೂಕ ಎಲ್ಲಿ?"

ಇರಲೇ ಇಲ್ಲ. ಪ್ರತಿ ಲೇಬಲ್ಲಿನಲ್ಲೂ ಆ ಜಾಗ ಖಾಲಿ. ಬೆಳಿಗ್ಗೆ ನಾನೇ ನೋಡಿ, ಸಹಿ ಹಾಕಿ ಕಳಿಸಿದ್ದೆ.

ಸಂಜೆ ಇವರು ಬಂದು ಮಗಳಿಗೆ ಹೇಳಿದರು, ನನಗೂ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿ. "ಹೂಂ ಅಂದ್ಬಿಟ್ಟೆ ಪುಟ್ಟಿ."

ಜುಲೈ 7

ಈ ವಾರ ಪೂರ್ತಿ ಇವರದು ರಿಪೇರಿ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಮಗಳ ಟೇಬಲ್ ಲ್ಯಾಂಪು. ಬಿಟ್ಟು ಹೋಗುವ ಮನೆಗೆ ಇಷ್ಟು ಮುತುವರ್ಜಿ. ನಿನ್ನೆ ಮಗಳನ್ನು ಕೂರಿಸಿಕೊಂಡು ಮೆಷಿನ್ ತೊಳೆಯುವುದು ಹೇಗೆ ಅಂತ ಹೇಳಿಕೊಟ್ಟರು. ನಿಂಬೆರಸ ಹಾಕಿ, ಒಂದು ಸಲ ಕುದಿಸಿ, ಚೆಲ್ಲಬೇಕಂತೆ. ನನಗೂ ಗೊತ್ತು. ಪುಸ್ತಕ ಓದಿದವಳು ನಾನು. ನನ್ನನ್ನು ಕೇಳಲಿಲ್ಲ.

ಇವತ್ತು ಬೆಳಕು ಹರಿಯುವ ಮುಂಚಿನ ಬಸ್ಸು. ಬಾಗಿಲಲ್ಲಿ ನಿಂತು "ಬರ್ತೀನಿ" ಅಂದರು. "ಹೂಂ" ಅಂದೆ. ಇಬ್ಬರೂ ಒಂದೊಂದೇ ಮಾತು. ಡ್ರಾ.

ಇಬ್ಬರಿಗೆ ಐದು ಲೀಟರು,
ಮಬ್ಬಲ್ಲೇ ಹೊರಟ ಮಿಸ್ಟರು.

ಮಗಳಿಗೆ ಓದಿ ಹೇಳಿದೆ. ನಗಲಿಲ್ಲ.

"ಅಮ್ಮ, ಒಂದು ದಿನ ಪ್ರಾಸ ಇಲ್ಲದೆ ಮಾತಾಡು. ನೋಡೋಣ, ಹೇಗಿರ್ತೀಯ ಅಂತ."

ಆಗಸ್ಟ್ 18

ಬರೆಯಲು ಏನೂ ಇರಲಿಲ್ಲ.

ಭಾನುವಾರ ಭಾನುವಾರ ಫೋನ್. ಊಟ ಆಯ್ತಾ. ಆಯ್ತು. ನಿಮ್ಮದು? ಆಯ್ತು. ಅವಳಿಗೆ ಕೊಡು. ಅವಳು ಫೋನ್ ಹಿಡಿದು ರೂಮಿಗೆ ಹೋದರೆ ಒಳಗಿಂದ ನಗು ಕೇಳಿಸುತ್ತೆ. ಅಲ್ಲಿ ಇವರು ತಮಾಷೆ ಮಾಡುತ್ತಾರಂತೆ. ಇವರು! ತಮಾಷೆ!

ಇವತ್ತು ಅವಳು ಹೊರಗೆ ಬಂದವಳು ಫೋನನ್ನು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟಳು.

"ಅಪ್ಪಂಗೆ ಕಂಪನಿಯವ್ರು ಅಲ್ಲೇ ಪರ್ಮನೆಂಟ್ ಮಾಡ್ತೀವಿ ಅಂದ್ರಂತೆ."

"ಏನಂದ್ರಂತೆ ಇವರು?"

"ಒಪ್ಕೊಂಡ್ರಂತೆ. ಹೋದ ವಾರಾನೇ."

"ಹೋದ ವಾರ ನನ್ನ ಹತ್ರ ಮಾತಾಡಿದ್ರಲ್ಲ. ಏನೂ ಕೇಳ್ಲಿಲ್ಲ."

"ಕೇಳ್ಬೇಕಿತ್ತಾ ಅಮ್ಮ?"

ಅವಳು ಕುಟುಕುವುದಕ್ಕೆ ಅಂದದ್ದಲ್ಲ. ನಿಜವಾಗಿಯೂ ಕೇಳಿದಳು. ನನ್ನ ಮುಖವನ್ನೇ ನೋಡುತ್ತಾ ಕಾದಳು. ನಾನು ಎದ್ದು ಹೋಗಿ ಲೋಟ ಇಟ್ಟೆ, ಗುಂಡಿ ಒತ್ತಿದೆ. ಟೀ ಬೇಕಿರಲಿಲ್ಲ. ಈ ಮನೆಗೆ ಈ ಮೆಷಿನ್ ದೊಡ್ಡದಾಯಿತು. ಯಾರಿಗೂ ಬೇಡದ ನೀರನ್ನು ದಿನವಿಡೀ ಬಿಸಿಯಾಗಿ ಇಟ್ಟುಕೊಂಡು ಕೂತಿರುತ್ತೆ. ಬೇರೆ ಕೆಲಸ ಇಲ್ಲ ಅದಕ್ಕೆ.

ಆಗಸ್ಟ್ 25, ಬೆಳಿಗ್ಗೆ

ಮಾನ್ಯ ಅಧ್ಯಕ್ಷರೇ, ಇಲ್ಲಿ ನೆರೆದಿರುವ —

ಯಾರೂ ನೆರೆದಿಲ್ಲ. ಡಬ್ಬಿಗಳು.

ನಾದಿನಿಯ ಮಾತು ನಂಬಿದ್ದೆ. ಅವಳು ಫೋನ್ ಇಡುವ ಮುಂಚೆಯೇ ನಂಬಿದ್ದೆ. ಅವಳು ಹೇಳದಿದ್ದರೂ ಗೊತ್ತಿತ್ತು. ಬೇಡ ಅಂದಿದ್ದರೆ ಉಳಿಯುತ್ತಿದ್ದರು. ಆ ಶುಕ್ರವಾರ ಬಾಯಿಗೆ ಬಂದಿತ್ತು. ಹೋಗಬೇಡಿ. ಇಷ್ಟೇ. ಅಂದರೆ ಸೋತ ಹಾಗೆ ಅನ್ನಿಸಿತು. ಕೊನೆ ಮಾತು ನನ್ನದೇ ಆಗಬೇಕಿತ್ತು. ಆಯಿತು. ಅದಾದ ಮೇಲೆ ಈ ಮನೆಯಲ್ಲಿ ಹೋಗ್ಲಾ, ಬೇಡ್ವಾ ಅಂತ ನನ್ನನ್ನು ಕೇಳುವವರು ಯಾರೂ ಇಲ್ಲ.