ಅಣ್ಣನ ಅಳತೆ

ನೀರು ಸರಬರಾಜಿನ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರಗಳು.

ಮೇಲಿನ ಹಿಮನದಿ ಬೆಟ್ಟವನ್ನು ಅರೆದು ಹಿಟ್ಟು ಮಾಡುತ್ತದೆ, ಅದಕ್ಕೇ ನಲ್ಲಿ ನೀರು ಬೆಳ್ಳಗಿದೆ ಎಂದು ನಮ್ಮಮ್ಮನಿಗೆ ಸಮಾಧಾನವಾಗಿ ವಿವರಿಸಿದಿರಿ. ನಿಮ್ಮ ತಪ್ಪೇನಿಲ್ಲ. ನನ್ನಣ್ಣ ಅದೇ ಹಿಮದ ಬಿರುಕಿಗೆ ಬಿದ್ದವನು, ಇನ್ನೂ ಸಿಕ್ಕಿಲ್ಲ ಎಂದು ನಿಮಗೆ ಹೇಗೆ ಗೊತ್ತಿರಬೇಕು?

ಅಂದಿನಿಂದ ಅಮ್ಮ ಬಿಂದಿಗೆಯ ತಳದ ಬಿಳಿ ಹಿಟ್ಟನ್ನು ಚೆಲ್ಲಗೊಡುವುದಿಲ್ಲ. ಸೋಸಿ, ಒಣಗಿಸಿ ಡಬ್ಬಕ್ಕೆ ತುಂಬುತ್ತಾಳೆ. "ಬರೀ ಕಲ್ಲಮ್ಮ ಅದು" ಅಂದೆ. "ಕಲ್ಲನ್ನೇ ಅರೆಯೋದು ಅವನನ್ನ ಬಿಡುತ್ತದೇನೇ?" ಅಂದಳು. ಡಬ್ಬ ತುಂಬಿತಂತೆ. ಅವನ ಉದ್ದಕ್ಕೆ ಒಂದು ಚೀಲ ಹೊಲಿದುಕೊಡು ಎನ್ನುತ್ತಿದ್ದಾಳೆ.

ದಯವಿಟ್ಟು ನಮ್ಮ ನಲ್ಲಿ ಬೇಗ ತೆಗೆಸಿಹಾಕಿ. ಬಾವಿ ನೀರು ನಾನೇ ಹೊತ್ತು ತರುತ್ತೇನೆ. ಅಣ್ಣನ ಅಳತೆ ನನಗಿನ್ನೂ ಬಾಯಿಪಾಠವಿದೆ. ನಿನ್ನೆ ಬಟ್ಟೆ ಕತ್ತರಿಸಿಬಿಟ್ಟೆ.

ಇಂತಿ,
ಕೊನೆಮನೆಯ ಟೈಲರ್