ಗೋಡೆಗೆ ಬಳಿದ ಬಾಗಿಲನ್ನು ಮಂಜೂರು ಮಾಡಿದ ಕುರಿತು

ಪುರಸಭೆಯ ಕಟ್ಟಡ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಮನೆಯನ್ನು ಎರಡು ಭಾಗ ಮಾಡಲು ತಾವು ಕೊಟ್ಟಿರುವ ಮಂಜೂರಾತಿ ಆದೇಶದಲ್ಲಿ, ಅಕ್ಕನ ಭಾಗಕ್ಕೆ ಪಕ್ಕದ ಬೀದಿಯಿಂದ ಹಸಿರು ಬಣ್ಣದ ಬಾಗಿಲೊಂದು ಇದೆ ಎಂದು ನಮೂದಾಗಿದೆ. ಅಲ್ಲಿ ಬಾಗಿಲಿಲ್ಲ. ಅಲ್ಲಿರುವುದು ಗೋಡೆ. ಹಸಿರು ಬಣ್ಣ ಮಾತ್ರ ನಿಜ. ಅದನ್ನು ಬಳಿದವನು ನಾನು. ಇನ್ನು ಹನ್ನೊಂದು ದಿನದೊಳಗೆ, ಅದೇ ಆದೇಶದ ಪ್ರಕಾರ, ಅಕ್ಕ ಓಡಾಡುವ ಒಂದೇ ಒಂದು ಒಳಬಾಗಿಲನ್ನು ಇಟ್ಟಿಗೆಯಿಟ್ಟು ಮುಚ್ಚಬೇಕಾಗಿದೆ. ಆಮೇಲೆ ಅವಳು ಎಲ್ಲಿಂದ ಹೊರಗೆ ಬರಬೇಕು? ಇದನ್ನು ಕೇಳಿ ಕಚೇರಿಗೆ ಕೊಟ್ಟ ಎರಡು ಪತ್ರಗಳು ಕಡತದಲ್ಲಿ ಸುಖವಾಗಿ ನಿದ್ರಿಸುತ್ತಿರುವುದರಿಂದ ಮೂರನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಿದ್ರೆಯ ವಿಷಯ ಬಂತು, ಅಲ್ಲಿಂದಲೇ ಶುರುಮಾಡುತ್ತೇನೆ. ಮನೆಯಲ್ಲಿ ನಾವು ಮೂವರು. ಅಣ್ಣ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಹಗಲು ನಡುಮನೆಯಲ್ಲಿ ಮಲಗುತ್ತಾನೆ, ಅಥವಾ ಮಲಗಲು ಯತ್ನಿಸುತ್ತಾನೆ. ಅಕ್ಕ ಒಳಗಿನ ಎರಡು ಕೋಣೆಗಳಲ್ಲಿ ಗೋಡೆ ಗಡಿಯಾರ ರಿಪೇರಿ ಮಾಡುತ್ತಾಳೆ. ಅವಳ ಗಿರಾಕಿಗಳು ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು, ಅಣ್ಣನ ಹಾಸಿಗೆಯ ಪಕ್ಕದಲ್ಲೇ ಕಳ್ಳರ ಹಾಗೆ ಹೆಜ್ಜೆಯಿಟ್ಟು ಹೋಗಬೇಕು. ಗಿರಾಕಿಗಳಿಗೆ ಸಂಕೋಚವಿದೆ, ಗಡಿಯಾರಗಳಿಗಿಲ್ಲ. ಅಕ್ಕನ ಕೋಣೆಯಲ್ಲಿ ಯಾವ ಎರಡು ಗಡಿಯಾರಗಳಿಗೂ ಪರಸ್ಪರ ಒಮ್ಮತವಿಲ್ಲವಾದ್ದರಿಂದ ನಮ್ಮಲ್ಲಿ ಮಧ್ಯಾಹ್ನದ ಹನ್ನೆರಡು ಗಂಟೆ ಹತ್ತು ನಿಮಿಷದವರೆಗೂ ಹೊಡೆಯುತ್ತಲೇ ಇರುತ್ತದೆ. ಈಚೆಗೆ ಅಣ್ಣ ತಟ್ಟೆಯ ಮುಂದೆ, ತುತ್ತು ಕೈಯಲ್ಲಿರುವಾಗಲೇ ನಿದ್ದೆಹೋದ. ಅಕ್ಕ ಹೆದರಿದಳು. “ಇವನು ಅಲ್ಲೂ ಹಿಂಗೇ ತೂಕಡಿಸಿ ಯಾರಿಗೋ ಕೊಡೋ ಇಂಜೆಕ್ಷನ್ ಇನ್ಯಾರಿಗೋ ಚುಚ್ಚಿದ್ರೆ ಏನೋ ಗತಿ? ನನಗೊಂದು ಬೇರೆ ಬಾಗಿಲು ಮಾಡಿಸ್ಕೊಡ್ರೋ, ಪುಣ್ಯ ಬರುತ್ತೆ” ಎಂದಳು. ನಮ್ಮ ಅರ್ಜಿಯ ಮೂಲ ಇಷ್ಟೇ.

ತಮ್ಮ ಅರ್ಜಿ ನಮೂನೆಯಲ್ಲಿ ವಿಭಜನೆಗೆ ಕಾರಣಗಳನ್ನು ಕೊಟ್ಟಿದ್ದೀರಿ: ವ್ಯಾಜ್ಯ, ಮರಣ, ಮಾರಾಟ. ನಿದ್ದೆ ಎಂಬುದಕ್ಕೆ ಜಾಗವಿಲ್ಲ. ಕೌಂಟರಿನ ಮೇಡಂ ಕರುಣಾಮಯಿ. “ಜಗಳ ಅಂತ ಗುರುತು ಹಾಕಪ್ಪ, ಬೇಗ ಆಗುತ್ತೆ” ಎಂದರು. “ನಾವು ಜಗಳ ಆಡಿಲ್ಲ ಮೇಡಂ.” “ಅರ್ಜಿ ಹಾಕಿದೀರಲ್ಲ, ಇನ್ಮೇಲೆ ಆಡ್ತೀರ ಬಿಡು.” ಅವರ ದೂರದೃಷ್ಟಿಗೆ ನಮಸ್ಕಾರ.

ಅರ್ಜಿ ತಿರಸ್ಕೃತವಾಯಿತು. ಎರಡನೇ ಭಾಗಕ್ಕೆ ಸ್ವಂತ ಬಾಗಿಲಿಲ್ಲದೆ ವಿಭಜನೆ ಸಾಧ್ಯವಿಲ್ಲವಂತೆ. ಸರಿ, ಬಾಗಿಲಿಡಲು ಗೋಡೆ ಒಡೆಯುತ್ತೇವೆ ಎಂದು ಅದೇ ದಿನ ಬರೆದುಕೊಟ್ಟೆವು. ವಿಭಜನೆಯಾಗದ ಮನೆಗೆ ಎರಡನೇ ಬೀದಿಬಾಗಿಲು ಕೊಡಲಾಗದಂತೆ. ತಮ್ಮ ಕಚೇರಿಯ ಎರಡೂ ಪತ್ರಗಳಿಗೆ ಒಂದೇ ಸಹಿ, ಒಂದೇ ತಾರೀಖು. ಒಂದು ಪತ್ರ ಬರೆದ ಕೈ ಇನ್ನೊಂದನ್ನು ಬರೆಯುವಾಗ ಒಂದು ಕ್ಷಣವಾದರೂ ತಡವರಿಸಲಿಲ್ಲವೇ?

ಇನ್ನು ನನ್ನ ಅಪರಾಧ. ನಾನು ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಒಂದು ಭಾನುವಾರ, ಮಾಡಲು ಕೆಲಸವಿಲ್ಲದೆ, ಅಕ್ಕನ ಕೋಣೆಯ ಹೊರಗೋಡೆಯ ಮೇಲೆ ಒಂದು ಬಾಗಿಲು ಬರೆದೆ. ನಾಲ್ಕು ಹಲಗೆ, ಹಿತ್ತಾಳೆಯ ಹಿಡಿಕೆ, ಅದರ ಕೆಳಗೆ ನೆರಳು, ಕೀಲಿತೂತು, ಮೂಲೆಯಲ್ಲಿ ಅರ್ಧ ಕಿತ್ತ ಒಂದು ಸ್ಟಿಕ್ಕರ್. ನಾವು ಮತ್ತೆ ಅರ್ಜಿ ಹಾಕಿದ್ದರಿಂದ ಮರುತನಿಖೆಗೆ ಬರಲಿದ್ದ ತಮ್ಮ ಇನ್‌ಸ್ಪೆಕ್ಟರ್ ಹತ್ತಿರ ಬಂದು, ಮುಟ್ಟಿ, ನಕ್ಕು, ನಕ್ಕವರು ನಮ್ಮ ಗೋಳನ್ನೂ ಕೇಳಿಯಾರು ಎಂಬುದು ನನ್ನ ಲೆಕ್ಕಾಚಾರ. ಅವರು ಬಂದರು. ಬಿಸಿಲು ಜೋರಾಗಿತ್ತು, ಎದುರು ಬದಿಯ ಮರದಡಿ ಸ್ಕೂಟರಿನಿಂದ ಇಳಿಯದೆಯೇ ನೋಡಿದರು.

“ಹೋ, ಬಾಗಿಲು ಇಡಿಸೇಬಿಟ್ರಾ? ಯಾವ ಮರ?”

“ಗೋಡೆಯಷ್ಟೇ ಗಟ್ಟಿ ಸಾರ್. ಬನ್ನಿ, ಮುಟ್ಟಿ ನೋಡಿ.”

“ನೋಡಿದ್ರೇ ಗೊತ್ತಾಗಲ್ವೇನಪ್ಪ?” ಎಂದು ಬರೆದುಕೊಂಡು ಹೊರಟೇಹೋದರು. ವರದಿಯ ಸಾಲು ನನಗೆ ಬಾಯಿಪಾಠವಾಗಿದೆ: “ಪ್ರತ್ಯೇಕ ಬಾಗಿಲು ಇದೆ, ಭೇಟಿಯ ವೇಳೆ ಮುಚ್ಚಿತ್ತು.”

ಆಗಲೇ ಸ್ಕೂಟರಿನ ಹಿಂದೆ ಓಡಿ ಹೇಳಬೇಕಿತ್ತು. ಹೇಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ವಾರದಲ್ಲಿ ಮಂಜೂರಾತಿ ಬಂತು, ಷರತ್ತಿನೊಂದಿಗೆ. ಎರಡು ಭಾಗಗಳ ನಡುವಿನ ಒಳಬಾಗಿಲನ್ನು ಮೂವತ್ತು ದಿನದಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ಆದೇಶ ರದ್ದು, ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ನಗು ನಿಂತಿತು. ಬಾಗಿಲಿನ ಜಾಗದಲ್ಲಿ ಗೋಡೆ ಒಡೆಯಲು ಅನುಮತಿ ಕೇಳಿದೆ. “ಬಾಗಿಲಿರುವ ಸ್ಥಳದಲ್ಲಿ ಬಾಗಿಲಿಗೆ ಅನುಮತಿ ಕೊಡಲು ಅವಕಾಶವಿಲ್ಲ” ಎಂಬ ಹಿಂಬರಹ ಬಂತು. ಕೌಂಟರಿಗೆ ಹೋಗಿ ತಪ್ಪೊಪ್ಪಿಕೊಂಡೆ.

“ಮೇಡಂ, ಅದು ಬರೀ ಬಣ್ಣ.”

“ಬಣ್ಣ ಇಲ್ಲದ ಬಾಗಿಲು ಯಾವುದಪ್ಪ?”

“ಹಿಡಿಕೆ ಸಹ ನಾನೇ ಬರೆದದ್ದು.”

“ನೋಡು, ದಾಖಲೆಯಲ್ಲಿ ಬಾಗಿಲಿದೆ. ಇಲ್ಲ ಅಂತ ಬರೆಯೋಕೆ ಇನ್‌ಸ್ಪೆಕ್ಟ್ರೇ ಬರಬೇಕು. ಅವರು ಒಂದ್ಸಲ ಇದೆ ಅಂತ ಬರೆದ ಮೇಲೆ ಯಾಕೆ ಬರ್ತಾರೆ?”

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬಿಚ್ಚಿಟ್ಟ ಗಡಿಯಾರದಿಂದ ತಲೆ ಎತ್ತದೆ, “ನಿನಗೆ ತಮಾಷೆ ಕಣೋ. ನಾನು ಗಿರಾಕಿಗಳಿಗೆಲ್ಲ ಮುಂದಿನ ತಿಂಗಳಿಂದ ಪಕ್ಕದ ಬೀದಿಗೆ ಬನ್ನಿ ಅಂತ ಹೇಳಿಬಿಟ್ಟಿದೀನಿ” ಎಂದಳು. ಒಬ್ಬ ಮುದುಕರು ಆಗಲೇ ಬಂದು, ಬಾಗಿಲು ತಟ್ಟಿ ತಟ್ಟಿ ಬೆರಳಿಗೆ ನೋವು ಮಾಡಿಕೊಂಡು ವಾಪಸಾದರಂತೆ. ಅಣ್ಣನಂತೂ, “ಬೇಡ ಬಿಡ್ರೋ, ನಾನು ಆಸ್ಪತ್ರೆಯಲ್ಲೇ ಎಲ್ಲಾದ್ರೂ ಮಲಗ್ತೀನಿ” ಎಂದು ದಿಂಬು ಮಡಚಿ ಚೀಲಕ್ಕೆ ತುರುಕತೊಡಗಿದ. ಆ ಚೀಲ ಮುಂಬಾಗಿಲ ಬಳಿ ಇನ್ನೂ ಹಾಗೇ ಇದೆ. ಅದನ್ನು ನೋಡಿದಾಗಲೆಲ್ಲ ನನ್ನ ಕುಂಚ ಮುರಿದುಹಾಕೋಣ ಅನ್ನಿಸುತ್ತದೆ.

ಆದುದರಿಂದ, ಮಾನ್ಯರೇ, ನನ್ನ ಬೇಡಿಕೆ ಸಣ್ಣದು. ಹನ್ನೊಂದು ದಿನದೊಳಗೆ ತಾವೇ ಒಮ್ಮೆ ಬನ್ನಿ. ದಯವಿಟ್ಟು ವಾಹನದಿಂದ ಇಳಿಯಿರಿ. ತಾವು ಮಂಜೂರು ಮಾಡಿದ ಬಾಗಿಲನ್ನು ತಮ್ಮ ಕೈಯಿಂದಲೇ ತಳ್ಳಿ ನೋಡಿ. ಅದು ತೆರೆದುಕೊಂಡರೆ ಒಳಗೆ ಬನ್ನಿ, ಕೂತು ಮಾತಾಡೋಣ. ತೆರೆಯದಿದ್ದರೆ, ಮೂರಡಿ ಅಗಲ ಏಳಡಿ ಎತ್ತರದ ಗೋಡೆ ಒಡೆಯಲು ಅಲ್ಲೇ ನಿಂತು ಸಹಿ ಹಾಕಿಕೊಡಿ. ಕಚೇರಿಗೆ ಸುಳ್ಳು ತೋರಿಸಿದ್ದಕ್ಕೆ ಶಿಕ್ಷೆ ಇದೆಯೆಂದು ಬಲ್ಲೆ. ಅದನ್ನು ನನಗೆ ಕೊಡಿ, ಬಾಗಿಲನ್ನು ಅಕ್ಕನಿಗೆ ಕೊಡಿ. ಅದಲು ಬದಲು ಮಾಡಬೇಡಿ.

ಇಂತಿ,
ಒಮ್ಮೆಯಾದರೂ ಕೆಟ್ಟದಾಗಿ ಚಿತ್ರ ಬರೆಯಬೇಕಿತ್ತೆಂದು ಪಶ್ಚಾತ್ತಾಪ ಪಡುತ್ತಿರುವ,
ಬೋರ್ಡ್ ಬರೆಯುವವನು